ಬಣ್ಣ ನೋಡಿ ಹೇಳಿದ ಉತ್ತರ

ಬೋಧನಾಭ್ಯಾಸಕ್ಕೆಂದು ನನ್ನನ್ನು ನಾಗಮಂಗಲ ತಾಲ್ಲೂಕಿನ ದೇವಲಾಪುರ ಭಾಗದ ಪ್ರೌಢಶಾಲೆಯೊಂದಕ್ಕೆ ನಿಯೋಜಿಸಿದ್ದರು. ಎಂಟನೇ ತರಗತಿಗೆ ‘ಘರ್ಷಣೆ’ ಘಟಕ. ನನ್ನ ನಾಲ್ಕನೆಯ ಪಾಠ ಕೀಲೆಣ್ಣೆಗಳ ಬಗ್ಗೆ. ಇಂಜಿನ್ ಆಯಿಲ್ ಮಕ್ಕಳಿಗೆ ಪರಿಚಿತ ವಸ್ತು ಎಂದುಕೊಂಡು ಪಾಠ ಯೋಜನೆಯನ್ನು ಅದರ ಸುತ್ತಲೇ ಬರೆದೆ.

ಎರಡು ಗಾಜಿನ ಸೀಸೆಗಳಲ್ಲಿ ಹೊಸ ಆಯಿಲ್ ತುಂಬಿ, ಒಂದನ್ನು ಬಿಸಿನೀರಿನಲ್ಲಿ ಇಟ್ಟಿದ್ದೆ. ಸೈಕಲ್ಲಿನ ಬಾಲ್ಸ್ ಹಾಕಿದಾಗ ಬಿಸಿ ಸೀಸೆಯಲ್ಲಿ ಬೇಗ ತಳ ಸೇರಿತು. ಬಿಸಿಯಾದಂತೆ ಸ್ನಿಗ್ಧತೆ ಇಳಿಯುತ್ತದೆ ಎಂಬುದನ್ನು ಮಕ್ಕಳೇ ಹೇಳಿದರು. ಆಲೆಮನೆಯ ಬಿಸಿ ಪಾಕ ಹೇಗೆ ಸಲೀಸಾಗಿ ಹರಿಯುತ್ತದೆ ಎಂದು ಒಬ್ಬಳು ಉದಾಹರಣೆಯನ್ನೂ ಕೊಟ್ಟಳು. ಡಬ್ಬಿಯ ಮೇಲಿನ ‘10ಡಬ್ಲ್ಯೂ-30’ ಎಂಬುದನ್ನು ಅಲ್ಲಿಂದಲೇ ವಿವರಿಸಿದೆ. ‘ಡಬ್ಲ್ಯೂ’ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ತಣ್ಣಗಿರುವಾಗಿನ ಗುಣವನ್ನು, ಕೊನೆಯ ಅಂಕಿ ಇಂಜಿನ್ ಕಾದಾಗಿನ ದಪ್ಪವನ್ನು ಸೂಚಿಸುತ್ತದೆ.

ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕೊನೆಗೆ ನನ್ನ ಸ್ಕೂಟರ್‌ನಿಂದ ಇಳಿಸಿದ ಹಳೆಯ ಆಯಿಲ್ ತೋರಿಸಿ, “ಹೀಗೆ ಕಪ್ಪಾದರೆ ಆಯಿಲ್ ಕೆಟ್ಟಿದೆ ಎಂದರ್ಥ, ಬದಲಾಯಿಸಬೇಕು” ಎಂದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. “ಮಿಸ್, ಟ್ರಾಕ್ಟ್ರುಗೆ ಹಾಕಿದ್ ಎಲ್ಡೇ ದಿನಕ್ಕೆ ಕರ್ರಗಾಯ್ತದೆ. ದಿನಾ ಬದ್ಲಾಯ್ಸಕಾಯ್ತದಾ?”

ತರಗತಿ ನಕ್ಕಿತು. ಗಂಟೆ ಹೊಡೆಯಲು ಐದು ನಿಮಿಷವಿತ್ತು, ಮೌಲ್ಯಮಾಪನದ ಹಂತ ಬಾಕಿಯಿತ್ತು, ಹಿಂದೆ ಮಾರ್ಗದರ್ಶಕರು ಕುಳಿತಿದ್ದರು. “ಅದೆಲ್ಲ ಆಮೇಲೆ, ಕೂತ್ಕೋ” ಎಂದುಬಿಟ್ಟೆ. ಅವನು ಕೂತ. ಆಮೇಲಿನ ಯಾವ ಪ್ರಶ್ನೆಗೂ ಕೈ ಎತ್ತಲಿಲ್ಲ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ವಿದ್ಯಾರ್ಥಿಯ ಪ್ರಶ್ನೆ ಪಾಠಕ್ಕಿಂತ ಮುಂದಿತ್ತು.’

ಸಂಜೆ ಗ್ಯಾರೇಜಿನಲ್ಲಿ ಕೇಳಿದೆ. ಮೆಕ್ಯಾನಿಕ್ ಅಣ್ಣ ನಗುತ್ತಾ, “ಡೀಸಲ್ ಇಂಜಿನ್ನಲ್ಲಿ ಮಸಿ ಜಾಸ್ತಿ ಮೇಡಂ. ಆ ಮಸೀನ ಒಂದ್ಕಡೆ ಕೂರಕ್ಕೆ ಬಿಡ್ದೆ ಎತ್ಕೊಂಡು ತಿರುಗೋದೇ ಆಯಿಲ್ ಕೆಲ್ಸ. ಕರ್ರಗಾಗ್ದಲೇ ಇನ್ನೇನಾದಾತು?” ಎಂದರು. ಆಯಿಲ್‌ಗೆ ಬೆರೆಸುವ ರಾಸಾಯನಿಕಗಳು ಮಸಿಯ ಕಣಗಳು ಗುಂಪುಗೂಡದಂತೆ ತಡೆದು ತೇಲಿಸುತ್ತವೆ. ಅಂದರೆ ಕಪ್ಪು ಬಣ್ಣ ಆಯಿಲ್ ಕೆಟ್ಟಿದ್ದಕ್ಕೆ ಪುರಾವೆಯಲ್ಲ, ಎಷ್ಟೋ ಸಲ ಅದು ಕೆಲಸ ಮಾಡುತ್ತಿರುವುದರ ಗುರುತು. ಆ ರಾಸಾಯನಿಕಗಳು ಮುಗಿಯುತ್ತ ಬಂದದ್ದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ತಯಾರಕರು ಅವಧಿ ಗೊತ್ತುಮಾಡಿ ಕೈಪಿಡಿಯಲ್ಲಿ ಬರೆದಿರುತ್ತಾರೆ.

ಮರುದಿನ ಊಟದ ಬಿಡುವಿನಲ್ಲಿ ಹುಡುಗನನ್ನು ಕರೆದು, “ನೀನು ಹೇಳಿದ್ದೇ ಸರಿ ಕಣಪ್ಪ, ನಾನು ತಪ್ಪು ಹೇಳ್ದೆ” ಎಂದೆ. ಅವನು ನೆಲ ನೋಡುತ್ತ ಹೇಳಿದ: “ಅದು ಯಾವಾಗ್ಲೂ ಕರ್ರಗೇ ಇರ್ತದೆ ಮಿಸ್. ಅದ್ಕೇ ನಮ್ಮಪ್ಪಂಗೆ ಗೊತ್ತಾಗ್ಲಿಲ್ಲ. ಹೋದ್ವರ್ಷ ಇಂಜಿನ್ ಬೋರಿಗೆ ಬಂತು. ಸಾಲ ಇನ್ನೂ ತೀರಿಲ್ಲ.”

ಅವನ ತಂದೆ ಬಾಡಿಗೆಗೆ ಉಳುಮೆ ಮಾಡುವವರು. ಬಣ್ಣ ನಂಬಿ ಆ ಮನೆ ಒಂದು ಹಂಗಾಮಿನ ದುಡಿಮೆ ಕಳೆದುಕೊಂಡಿತ್ತು. ನಾನು ಕಪ್ಪು ಹಲಗೆಯ ಮುಂದೆ ನಿಂತು ಅದೇ ಬಣ್ಣದ ಪರೀಕ್ಷೆಯನ್ನು ವಿಜ್ಞಾನವೆಂದು ಕಲಿಸಿದ್ದೆ.

ಮುಂದಿನ ಅವಧಿಯಲ್ಲಿ ಹೊಸ ಪಾಠ ತೆಗೆದುಕೊಳ್ಳಲಿಲ್ಲ. ತಪ್ಪನ್ನು ತರಗತಿಯ ಮುಂದೆಯೇ ಒಪ್ಪಿಕೊಂಡೆ. ಹುಡುಗ ಮನೆಯಿಂದ ಜಿಡ್ಡು ಹತ್ತಿದ ಕೈಪಿಡಿ ತಂದಿದ್ದ. ಅದರಲ್ಲಿ ಆಯಿಲ್ ಬದಲಾವಣೆಗೆ 250 ಗಂಟೆ ಎಂದಿತ್ತು. “ಕಿಲೋಮೀಟ್ರು ಯಾಕಿಲ್ಲ?” ಎಂದು ಒಬ್ಬಳು ಕೇಳಿದಳು. ಉತ್ತರವನ್ನು ಅವನಿಗೇ ಬಿಟ್ಟೆ. “ರಾಗಿ ಒಕ್ಕೋ ಮಿಷನ್ ಓಡ್ಸೋವಾಗ ಟ್ರಾಕ್ಟ್ರು ನಿಂತಿರ್ತದೆ, ಇಂಜಿನ್ ನಿಂತಿರಲ್ವಲ್ಲ!” ದಿನಕ್ಕೆ 8 ಗಂಟೆ ದುಡಿದರೆ ಸುಮಾರು 31 ದಿನ, 2 ಗಂಟೆಯಾದರೆ 125 ದಿನ ಎಂದು ಮಕ್ಕಳು ಲೆಕ್ಕ ಹಾಕಿದರು. ಧೂಳಿನ ಕೆಲಸವಾದರೆ ಇನ್ನೂ ಬೇಗ ಬದಲಾಯಿಸಬೇಕು, ಓಡದೆ ನಿಂತ ಗಾಡಿಯ ಆಯಿಲ್ಲಿಗೂ ವಾಯಿದೆ ಇದೆ ಎಂಬುದನ್ನು ನಾನು ಸೇರಿಸಿದೆ.

ಯಾವ ಆಯಿಲ್ ಎಂಬ ಪ್ರಶ್ನೆ ಘಟಕದ ತಿರುಳಿಗೇ ಕರೆದೊಯ್ದಿತು. ಡಬ್ಬಿಯ ಮೇಲಿನ ಎಪಿಐ ಗುರುತಿನಲ್ಲಿ ‘ಎಸ್’ ಇದ್ದರೆ ಪೆಟ್ರೋಲ್ ಇಂಜಿನ್ನಿಗೆ, ‘ಸಿ’ ಇದ್ದರೆ ಡೀಸೆಲ್‌ಗೆ. ಬೈಕುಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಕೂಡ ಅದೇ ಆಯಿಲ್ಲಿನಲ್ಲಿ ಮುಳುಗಿರುತ್ತದೆ. ಆಯಿಲ್ ಅತಿ ಜಾರಿದರೆ ಕ್ಲಚ್ ಹಿಡಿಯುವುದಿಲ್ಲ. ಅದಕ್ಕೇ ಬೈಕಿಗೆ ‘ಜಾಸೋ ಎಂಎ’, ಒಣ ಕ್ಲಚ್ಚಿನ ಸ್ಕೂಟರ್‌ಗೆ ‘ಎಂಬಿ’. ಘರ್ಷಣೆ ಒಂದೆಡೆ ಬೇಡ, ಇನ್ನೊಂದೆಡೆ ಬೇಕೇ ಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿರಲಿಲ್ಲ.

ಪಾಠ ದಾಖಲೆಯ ‘ಸ್ವ-ಅವಲೋಕನ’ ಅಂಕಣದಲ್ಲಿ ಮೊದಲು ‘ಪಾಠ ತೃಪ್ತಿಕರ’ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ, ಹುಡುಗನ ಪ್ರಶ್ನೆಯನ್ನು ಅವನ ಮಾತಿನಲ್ಲೇ ಬರೆದುಕೊಂಡೆ. ಮುಂದಿನ ಸಲ ಈ ಪಾಠವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.