ಪಕ್ಕದ ಸಮಾಧಿಗೂ ಒಂದು ಮೇಣದಬತ್ತಿ

ಮೂಲೆಹೊಳೆ ದಾಟಿದ ಬಸ್ಸು ಕೇರಳದ ಕಾಡು ಹೊಕ್ಕಿದೆ. ಗುಂಡ್ಲುಪೇಟೆಯಲ್ಲಿ ಹತ್ತಿದ ನೀವು ಕಿಟಕಿ ಪಕ್ಕ ಕೂತಿದ್ದೀರಿ. ರಾತ್ರಿ 9ರಿಂದ ಬೆಳಗಿನ 6ರವರೆಗೆ ಈ ರಸ್ತೆಯಲ್ಲಿ ವಾಹನಗಳು ಓಡಾಡುವಂತಿಲ್ಲ, ಆ ಹೊತ್ತು ಆನೆಗಳದು. ಪೊನ್ಕುಳಿ ಬಂತು. ರಾಮನ ಗುಡಿ, ಸೀತೆಯ ಗುಡಿ. ಇಲ್ಲಿನ ಕೊಳ ಸೀತೆಯ ಕಣ್ಣೀರಿನಿಂದಾದದ್ದು ಎನ್ನುತ್ತಾರೆ. ಕೈಮುಗಿದವರು ಕೈ ಇಳಿಸುವಷ್ಟರಲ್ಲಿ ಬಸ್ಸು ಮುತ್ತಂಗದ ಕಡೆ ಹೊರಟಾಗಿದೆ.

ಸುಲ್ತಾನ್ ಬತ್ತೇರಿ, ಕಲ್ಪೆಟ್ಟ. ದಾರಿಯುದ್ದಕ್ಕೂ ಚರ್ಚುಗಳು. 1940ರ ದಶಕದಲ್ಲಿ ತಿರುವಾಂಕೂರಿನಿಂದ ಜಮೀನು ಹುಡುಕಿಕೊಂಡು ಬಂದ ಕ್ರೈಸ್ತ ಕುಟುಂಬಗಳನ್ನು ಇಲ್ಲಿ ಎದುರುಗೊಂಡದ್ದು ಮಲೇರಿಯಾ. ಮಣ್ಣಿಗೆ ಹಾಕಿದ ಮಕ್ಕಳನ್ನು ಇಲ್ಲೇ ಬಿಟ್ಟು ಹಿಂದಿರುಗಲು ಮನಸ್ಸಾಗದೆ ನೆಲೆನಿಂತವರ ಮೊಮ್ಮಕ್ಕಳು ಈ ಬಸ್ಸಿನಲ್ಲೂ ಇದ್ದಾರು.

ಮೇಪ್ಪಾಡಿ ದಾಟಿ, ಟೀ ತೋಟಗಳ ನಡುವೆ, ಪುತ್ತುಮಲ. ಇಲ್ಲಿ ಇಳಿಯಿರಿ.

ಸಾಲು ಸಾಲು ಸಮಾಧಿಗಳು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಹಳ್ಳಿಗಳ ಮೇಲೆ ಗುಡ್ಡ ಕುಸಿಯಿತು. ಇನ್ನೂರಕ್ಕೂ ಹೆಚ್ಚು ಜೀವ ಹೋಯಿತು. ತೋಟದ ಕೆಲಸಕ್ಕೆ ಬಂದ ನಮ್ಮ ಚಾಮರಾಜನಗರ, ಮಂಡ್ಯದ ಕಡೆಯವರೂ ಅದರಲ್ಲಿದ್ದರು. ಗುರುತು ಸಿಗದ ದೇಹಗಳನ್ನು ಆಗಸ್ಟ್ ಮೊದಲ ವಾರದಲ್ಲಿ ಇಲ್ಲಿ ಹೂತರು. ಕಲ್ಲಿನ ಮೇಲೆ ಸಂಖ್ಯೆ ಮಾತ್ರ. ಡಿಎನ್‌ಎ ಫಲಿತಾಂಶ ಬಂದಮೇಲೆ ಕೆಲವಕ್ಕೆ ಹೆಸರು ಸೇರಿತು, ಫೋಟೊ ಬಂತು, ಆಟದ ಸಾಮಾನು ಬಂತು.

ಹೂಳುವಾಗ ಯಾರು ಯಾವ ಮತದವರೆಂದು ತಿಳಿದಿರಲಿಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತ ಪ್ರಾರ್ಥನೆ ಮೂರೂ ನಡೆದವು. ತನ್ನ ಸಭೆಯವರೋ ಅಲ್ಲವೋ ಎಂದು ಕೇಳದೆ ಪಾದ್ರಿ ಶಿಲುಬೆಯ ಗುರುತು ಹಾಕಿದ ಆ ಗಳಿಗೆಯಲ್ಲಿ ಕ್ರೈಸ್ತ ನಂಬಿಕೆ ತನ್ನ ನಿಜವಾದ ಎತ್ತರಕ್ಕೆ ಏರಿತು ಎಂದೇ ನಾನು ತಿಳಿದಿದ್ದೇನೆ.

ಇಷ್ಟು ಜನ ಸತ್ತದ್ದು ಯಾರ ಪಾಪಕ್ಕೆ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಯೇಸುವಿನ ಕಾಲದಲ್ಲಿ ಸಿಲೋವದಲ್ಲಿ ಬುರುಜು ಬಿದ್ದು 18 ಮಂದಿ ಸತ್ತಾಗಲೂ ಅದೇ ಮಾತೆದ್ದಿತ್ತು. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೇನಲ್ಲ ಎಂದು ಯೇಸು ಖಂಡಿತವಾಗಿ ಹೇಳಿದನೆಂದು ಲೂಕನ ಸುವಾರ್ತೆಯಲ್ಲಿದೆ. ಆತ ಗೆಳೆಯ ಲಾಜರನ ಗೋರಿಯ ಬಳಿ ಅತ್ತನೆಂದು ಯೋಹಾನ ಬರೆಯುತ್ತಾನೆ. ಮನೆಮಂದಿಯನ್ನು ಕಳೆದುಕೊಂಡವರಿಗೆ "ಎಲ್ಲ ದೇವರಿಚ್ಛೆ" ಎಂದು ಹೇಳಿ ಬಾಯಿ ಮುಚ್ಚಿಸಬೇಡಿ. ಯೇಸುವೇ ಹಾಗೆ ಮಾಡಲಿಲ್ಲ. ಆದರೂ ಆ ನಂಬಿಕೆಯಲ್ಲಿ ಸಂತೋಷಕ್ಕೂ ಜಾಗವಿದೆ; ಸೆರೆಯಲ್ಲಿದ್ದ ಅಪೊಸ್ತಲ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ ತುಂಬ ಸಂತೋಷದ ಮಾತಿದೆ. ಆ ಸಂತೋಷ ಅಳುವವರ ಪಕ್ಕ ಕೂತವರಿಗೆ ಮಾತ್ರ ಸಿಗುವಂಥದ್ದು.

ನೋಡಿ, ಅಲ್ಲೊಂದು ಕುಟುಂಬ ಜಪಸರ ಮುಗಿಸುತ್ತಿದೆ. ತಮ್ಮವರ ಸಮಾಧಿಗೆ ಹಚ್ಚಿ ಉಳಿದ ಮೇಣದಬತ್ತಿಗಳನ್ನು ಅಜ್ಜಿ ಪಕ್ಕದ ಸಂಖ್ಯೆಗಳಿಗೆ ಹಂಚುತ್ತಿದ್ದಾಳೆ. ಅಜ್ಜಿ, ಮೊಮ್ಮಗಳ ಮಾತು ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನ ಕಡೆ ಹೊರಳಿದೆ. ಸಂತ್ರಸ್ತರ ಟೌನ್‌ಶಿಪ್ಪಿಗೆ 2025ರ ಮಾರ್ಚ್ 27ರಂದು ಶಂಕುಸ್ಥಾಪನೆಯಾದ ಜಾಗ ಅದು.

"ಅಮ್ಮಚ್ಚೀ, ಒಂದು ಮನೆಗೆ ಏಳೇ ಸೆಂಟು ಜಾಗ."

"ಸಾಕು ಮೋಳೇ. ಹಿಂದುಗಡೆ ಕರಿಬೇವು, ಒಂದು ಬಾಳೆ. ಮರಗೆಣಸು ನೆಟ್ಟರೆ ಅಕ್ಕಪಕ್ಕದವರಿಗೂ ಆಗುತ್ತೆ."

"ಅಕ್ಕಪಕ್ಕ ಯಾರು ಬರ್ತಾರೋ ಗೊತ್ತಿಲ್ವಲ್ಲ!"

"ಯಾರೇ ಬರಲಿ, ಹಸಿವಾಗಲ್ವಾ?" ಅಜ್ಜಿ ನಕ್ಕಳು. ಮೊಮ್ಮಗಳೂ ನಕ್ಕಳು.