ಒಂದು ರಸ್ತೆ, ಮೂರು ಮಳೆ

ಆಗುಂಬೆಯಿಂದ ಚಳ್ಳಕೆರೆಗೆ ತೀರ್ಥಹಳ್ಳಿ, ಶಿವಮೊಗ್ಗ, ಚಿತ್ರದುರ್ಗದ ಮೇಲೆ ಹೋದರೆ ಇನ್ನೂರು ಕಿಲೋಮೀಟರಿಗೆ ತುಸು ಹೆಚ್ಚು. ಬೆಳಗಿನ ತಿಂಡಿ ಮುಗಿಸಿ ಹೊರಟವರು ಮಧ್ಯಾಹ್ನದ ಊಟಕ್ಕೆ ತಲುಪಬಹುದು. ಆದರೆ ಅಷ್ಟರಲ್ಲಿ ವಾರ್ಷಿಕ ಮಳೆಯ ಲೆಕ್ಕ 7,000 ಮಿಲಿಮೀಟರಿಗೂ ಮೇಲಿನಿಂದ 500 ಮಿಲಿಮೀಟರಿಗೂ ಕೆಳಗೆ ಇಳಿದಿರುತ್ತದೆ. ಪಾಚಿಗಟ್ಟಿದ ಹೆಂಚು, ಅಡಿಕೆ ತೋಟ, ಹಳ್ಳಗಳ ಸದ್ದು ಹಿಂದೆ ಉಳಿದು ಜಾಲಿಮರ, ಶೇಂಗಾ ಹೊಲ, ಕುರಿಮಂದೆಗಳು ಎದುರಾಗುತ್ತವೆ.

ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಹಾಗಾಗಿ ಆಗುಂಬೆಯ ಮನೆಯಂಗಳದ ಪ್ರತಿ ಚದರ ಮೀಟರಿಗೂ ವರ್ಷಕ್ಕೆ ಏಳು ಸಾವಿರ ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆ. ಚಳ್ಳಕೆರೆಯ ಅಂಗಳಕ್ಕೆ ಐನೂರು ಲೀಟರೂ ಇಲ್ಲ. ಅಂತರ ಇಷ್ಟೇ ಆಗಿದ್ದರೆ ಹೆಚ್ಚು, ಕಡಿಮೆ ಎಂದು ಹೇಳಿ ಮುಗಿಸಬಹುದಿತ್ತು. ಎರಡೂ ಊರಿಗೆ ಬರುವ ಮಳೆಯ ಜಾತಿಯೇ ಬೇರೆ ಎಂಬುದು ಇಲ್ಲಿನ ವಿಶೇಷ.

ಆರೋಹ, ಪರಿಸರಣ, ಆವರ್ತ ಎಂದು ಮಳೆಯ ಮೂರು ವಿಧಗಳನ್ನು ವಿದ್ಯಾರ್ಥಿಗಳು ಪರೀಕ್ಷೆಗಾಗಿ ಉರು ಹೊಡೆಯುತ್ತಾರೆ. ಮೂರನ್ನೂ ಈ ಒಂದೇ ರಸ್ತೆಯಲ್ಲಿ ನೋಡಬಹುದು. ಆದರೆ ಒಂದೇ ದಿನದಲ್ಲಲ್ಲ, ಒಂದೇ ವರ್ಷದಲ್ಲಿ.

ಗುಡುಗದ ಮಳೆ

ಜೂನ್‌ನಿಂದ ಮುಂದಕ್ಕೆ ಆಗುಂಬೆಯಲ್ಲಿ ಸುರಿಯುವುದು ಆರೋಹ ಮಳೆ. ಆಫ್ರಿಕದ ಪೂರ್ವ ಕರಾವಳಿಯ ಬಳಿ ಭೂಮಧ್ಯರೇಖೆಯನ್ನು ದಾಟಿದ ಗಾಳಿ ಅರಬ್ಬಿ ಸಮುದ್ರದ ಮೇಲೆ ಹೊಳೆಯಂತೆ ನುಗ್ಗಿ ಬರುತ್ತದೆ. ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಅದರ ವೇಗ ಅತಿ ಹೆಚ್ಚು. ಇದರ ಜಾಡನ್ನು 1969ರಲ್ಲಿ ವಿವರಿಸಿದ ಹವಾಮಾನ ತಜ್ಞ ಫೈಂಡ್ಲೇಟರ್. ಈ ತೇವದ ಗಾಳಿಗೆ ಸೋಮೇಶ್ವರದ ಬಳಿ ಘಟ್ಟ ಅಡ್ಡ ನಿಲ್ಲುತ್ತದೆ. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ, ತಣಿದಾಗ ಹಬೆ ಹನಿಯಾಗುತ್ತದೆ.

ಆಷಾಢದ ಮಳೆ ಹಗಲಿರುಳು ಸುರಿದರೂ ಅದರಲ್ಲಿ ಗುಡುಗು ಕಡಿಮೆ. ಘಟ್ಟದ ಈ ಮೋಡಗಳು ಸಾಮಾನ್ಯವಾಗಿ ಬಹಳ ಎತ್ತರಕ್ಕೆ ಬೆಳೆಯುವುದಿಲ್ಲ. ಅವುಗಳಲ್ಲಿ ಹಿಮಕಣಗಳು ಕಡಿಮೆ. ಮೋಡದಲ್ಲಿ ವಿದ್ಯುತ್ ಕೂಡಿಕೊಳ್ಳಲು ಹಿಮಕಣಗಳ ತಿಕ್ಕಾಟ ಬೇಕು.

ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಶಿವಮೊಗ್ಗದ ವೇಳೆಗೆ ವರ್ಷದ ಮಳೆ ಸಾವಿರ ಮಿ.ಮೀ. ಆಸುಪಾಸಿಗೆ ಬಂದಿರುತ್ತದೆ. ಚಿತ್ರದುರ್ಗದ ಕೋಟೆಯ ಮೇಲೆ ಜುಲೈನಲ್ಲಿ ನಿಂತರೆ ಮೋಡಗಳು ತಲೆಯ ಮೇಲೆಯೇ ಓಡುತ್ತವೆ. ಬೀಳುವುದು ಮಾತ್ರ ತುಂತುರು.

ಸಿಡಿಲಿನ ಮಳೆ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ ಹಿರಿಯರು. ಏಪ್ರಿಲ್ ಕೊನೆ, ಮೇ ತಿಂಗಳಿನ ಈ ಮಳೆ ಪರಿಸರಣದ್ದು. ಇದಕ್ಕೆ ಬೆಟ್ಟ ಬೇಕಿಲ್ಲ. ಹಗಲೆಲ್ಲ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸಿ ಎತ್ತುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಹತ್ತು ಹನ್ನೆರಡು ಕಿ.ಮೀ. ಎತ್ತರದ ಮೋಡ ನಿಂತಿರುತ್ತದೆ. ಮೊದಲು ಧೂಳು, ಆಮೇಲೆ ಗುಡುಗು, ಕೆಲವೊಮ್ಮೆ ಆಲಿಕಲ್ಲು. ಒಂದು ಹೊಲ ತೊಯ್ದರೆ ಪಕ್ಕದ ಹೊಲ ಒಣಗಿಯೇ ಇರುವುದುಂಟು.

ಜೀವಕ್ಕೆ ಹೆಚ್ಚು ಅಪಾಯ ತರುವುದೂ ಇದೇ ಮಳೆ. ಬಯಲಿನಲ್ಲಿ ಕುರಿ ಕಾಯುವವರು, ಆಟವಾಡುವ ಮಕ್ಕಳು ಒಂಟಿ ಮರದಡಿ ಓಡುತ್ತಾರೆ. ಸಿಡಿಲು ಹುಡುಕುವುದು ಅಂಥ ಎತ್ತರದ ವಸ್ತುವನ್ನೇ. ಗುಡುಗು ಕಿವಿಗೆ ಬಿತ್ತೆಂದರೆ ಮನೆಯನ್ನೋ ಶಾಲೆಯನ್ನೋ ಸೇರಬೇಕು, ಮರವನ್ನಲ್ಲ. ತಂದೆತಾಯಂದಿರು ಮಕ್ಕಳಿಗೆ ಮಳೆಯ ವಿಧಗಳಲ್ಲಿ ಒಂದನ್ನಷ್ಟೇ ಕಲಿಸುವುದಾದರೆ ಇದನ್ನೇ ಕಲಿಸಲಿ.

ದೂರದಿಂದ ಬರುವ ಮಳೆ

ಚಳ್ಳಕೆರೆಯ ಜನ ಹೆಚ್ಚು ಕಾಯುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳಿಗೆ. ಸೆಪ್ಟೆಂಬರ್, ಅಕ್ಟೋಬರ್ ಇಲ್ಲಿ ಮಳೆಯ ಮುಖ್ಯ ಕಾಲ. ಗುಡುಗಿನ ಮಳೆ ಆಗಲೂ ಇರುತ್ತದೆ. ಅದರ ಜೊತೆಗೆ ಬಂಗಾಳಕೊಲ್ಲಿಯಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಪೂರ್ವದಿಂದ ಒಳನಾಡಿಗೆ ನೀರು ಹೊತ್ತು ತರುತ್ತವೆ. ಇದು ಆವರ್ತ ಮಳೆ. ಬಂದರೆ ಹಲವು ಜಿಲ್ಲೆಗಳಿಗೆ ಒಟ್ಟಿಗೆ ಬರುತ್ತದೆ, ಬಾರದಿದ್ದರೆ ಎಲ್ಲಕ್ಕೂ ಇಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಒಣಜಿಲ್ಲೆಗಳನ್ನು ಮುಳುಗಿಸಿದ್ದು ಇಂಥದ್ದೇ ಮಳೆ.

ಆಗುಂಬೆಯಲ್ಲಿ ಧಾರಾಕಾರ ಮಳೆ ಎಂಬ ಜುಲೈ ಸುದ್ದಿಯಿಂದ ಚಳ್ಳಕೆರೆಯ ಶೇಂಗಾ ಬೆಳೆಗಾರನಿಗೆ ನೆಮ್ಮದಿ ಸಿಗದು. ಬೀಜ ಬಿತ್ತಿದವನಿಗೆ ಬೇಕಾದ ಲೆಕ್ಕ ಇನ್ನೊಂದು ಸಮುದ್ರದ್ದು. ಹಿರಿಯೂರಿನ ಮಾರಿಕಣಿವೆಯನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ವೇಳೆಗೆ ಭದ್ರೆಯ ನೀರೂ ಅದಕ್ಕೆ ಬರತೊಡಗಿತ್ತು. ನಡುವಿನ 89 ವರ್ಷಗಳೇ ಇಲ್ಲಿನ ಮಳೆಯ ಸ್ವಭಾವ ಹೇಳುತ್ತವೆ.

ಜಗತ್ತಿನ ಪಟ್ಟಿ

ನಮ್ಮ ಮೂರು ವಿಧಗಳಿಗೆ ಜಗತ್ತಿನ ಮಳೆಯೆಲ್ಲ ಸಲೀಸಾಗಿ ಅಡಗುವುದಿಲ್ಲ. ಯೂರೋಪಿನಲ್ಲಿ ಶೀತ ಗಾಳಿ ಮತ್ತು ಬೆಚ್ಚನೆಯ ಗಾಳಿ ಸಂಧಿಸುವ ಗಡಿಯಲ್ಲಿ ಮಳೆಯಾಗುತ್ತದೆ. ಮೊದಲ ಮಹಾಯುದ್ಧದ ನಂತರ ನಾರ್ವೆಯ ಬೆರ್ಗನ್ ನಗರದ ವಿಜ್ಞಾನಿಗಳು ಯುದ್ಧದ ಭಾಷೆಯಿಂದಲೇ ಎರವಲು ಪಡೆದು ಅದಕ್ಕೆ ‘ಫ್ರಂಟ್’ ಎಂದು ಹೆಸರಿಟ್ಟರು. ಕ್ಯಾಲಿಫೋರ್ನಿಯಕ್ಕೆ ಪೆಸಿಫಿಕ್ ಸಾಗರದಿಂದ ‘ಆಕಾಶನದಿ’ಗಳು ಹರಿದು ಬರುತ್ತವೆ. ಉಷ್ಣವಲಯದಲ್ಲಿ ನೂರಾರು ಕಿ.ಮೀ. ಹರಡಿದ ಗುಡುಗುಮೋಡಗಳ ಗುಂಪುಗಳೇ ಅರ್ಧಕ್ಕಿಂತ ಹೆಚ್ಚು ಮಳೆ ಸುರಿಸುತ್ತವೆ. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಇಂಥ ವಿಂಗಡಣೆ ಕೇವಲ ಹೆಸರಿಡುವ ಕೆಲಸವಲ್ಲ. ಒಂದು ಡಿಗ್ರಿ ಬಿಸಿಯೇರಿದ ಗಾಳಿ ಸುಮಾರು ಶೇಕಡ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಆ ತೇವವನ್ನು ಯಾವ ಬಗೆಯ ಮಳೆ, ಎಲ್ಲಿ ಇಳಿಸುತ್ತದೆ ಎಂಬುದರ ಮೇಲೆ ಬೆಳೆ, ಕೆರೆ, ಸೇತುವೆ ಎಲ್ಲವೂ ನಿಂತಿವೆ.

ಈ ದಾರಿಯಲ್ಲಿ ಹೋಗುವವರು ಜುಲೈನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಹೋಗುವುದು ಒಳ್ಳೆಯದು. ವಿದ್ಯಾರ್ಥಿಗಳು ಜೊತೆಗೊಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ಮಳೆ ಬಂದ ಹೊತ್ತು, ಗಾಳಿಯ ದಿಕ್ಕು, ಗುಡುಗು ಇತ್ತೋ ಇಲ್ಲವೋ, ಎಷ್ಟು ಹೊತ್ತು ಸುರಿಯಿತು ಎಂದು ನಾಲ್ಕು ಕಾಲಂ ಬರೆದರೆ ಸಾಕು. ಒಂದು ವರ್ಷ ತುಂಬುವಷ್ಟರಲ್ಲಿ ತಮ್ಮ ಊರಿಗೆ ಯಾವ ಮಳೆ ಅನ್ನ ಕೊಡುತ್ತದೆ ಎಂಬುದು ಅವರಿಗೇ ತಿಳಿದುಬರುತ್ತದೆ.