ಸಾಕಾಯಿ ಪಟ್ಟಣದ ಅಡಿಗೆಯ ಚಾಕು

ಜಪಾನೀಯರು ಅಡಿಗೆಯ ಮನೆಯ ಚಾಕುವನ್ನು ‘ಹೋಚೊ’ ಎಂದು ಕರೆಯುವರು. ಈ ಶಬ್ದವು ಮೊದಲು ಸಾಧನದ ಹೆಸರಾಗಿರಲಿಲ್ಲ, ಮನುಷ್ಯನ ಹೆಸರಾಗಿದ್ದಿತು. ಚೀನ ದೇಶದ ಪ್ರಾಚೀನ ತತ್ತ್ವಜ್ಞನಾದ ಚ್ವಾಂಗ್‌ತ್ಸುವಿನ ಗ್ರಂಥದಲ್ಲಿ ದಿಂಗ್ ಎಂಬ ಬಾಣಸಿಗನ ಕಥೆಯೊಂದುಂಟು. ಎತ್ತಿನ ಅಂಗಸಂಧಿಗಳ ಮರ್ಮವನ್ನರಿತು, ಎಲುಬನ್ನು ತಾಕದಂತೆ ಅಲಗನ್ನು ನಡೆಯಿಸುತ್ತಿದ್ದುದರಿಂದ 19 ವರ್ಷಗಳು ಕಳೆದರೂ ಅವನ ಕತ್ತಿಯು ಆಗತಾನೆ ಮಸೆದಂತೆ ಇದ್ದಿತಂತೆ. ಆ ಬಾಣಸಿಗನ ಹೆಸರು ಜಪಾನಿಗೆ ಹೋಗಿ, ಕಾಲಕ್ರಮದಲ್ಲಿ ಅವನನ್ನು ಬಿಟ್ಟು ಅವನ ಕೈಯ ಅಲಗಿಗೆ ಅಂಟಿಕೊಂಡಿತು. ಸಾಧನವು ಕೆಲಸಗಾರನ ಹೆಸರನ್ನು ನುಂಗಿದ ಈ ಸಂಗತಿಯು, ಮುಂದೆ ತೋರುವಂತೆ, ಆ ದೇಶದ ಚಾಕುಗಳ ಚರಿತ್ರೆಗೆ ಚೆನ್ನಾಗಿ ಒಪ್ಪುತ್ತದೆ.

ಓಸಾಕ ನಗರದ ದಕ್ಷಿಣಕ್ಕಿರುವ ಸಾಕಾಯಿ ಪಟ್ಟಣವು ಈ ಕಸಬಿಗೆ ಹೆಸರಾದುದು. ಇಲ್ಲಿನ ಚಾಕುಗಳು ಸಾಮುರಾಯಿ ವೀರರ ಖಡ್ಗಗಳ ಸಂತಾನವೆಂದು ವ್ಯಾಪಾರಿಗಳು ಹೇಳಿಕೊಳ್ಳುವುದುಂಟು. 1876ರಲ್ಲಿ ಖಡ್ಗಧಾರಣವು ನಿಷಿದ್ಧವಾದ ಮೇಲೆ ಖಡ್ಗ ಮಾಡುವ ಕಮ್ಮಾರರು ಅನೇಕರು ಚಾಕು, ಕುಡುಗೋಲುಗಳ ಕೆಲಸಕ್ಕೆ ಇಳಿದುದು ನಿಜವೇ. ಆದರೆ ಸಾಕಾಯಿಯ ಮಟ್ಟಿಗೆ ಖಡ್ಗಕ್ಕಿಂತ ಹೊಗೆಸೊಪ್ಪಿಗೆ ಹೆಚ್ಚಿನ ಮಾನವು ಸಲ್ಲಬೇಕು. 16ನೆಯ ಶತಮಾನದಲ್ಲಿ ಪೋರ್ತುಗೀಸರೊಡನೆ ಹೊಗೆಸೊಪ್ಪು ಬಂದಿತು. ಅದನ್ನು ಕೂದಲೆಳೆಯಂತೆ ಹೆಚ್ಚುವ ಚಾಕುಗಳನ್ನು ಇಲ್ಲಿನವರು ಮಾಡತೊಡಗಿದರು. ಅವು ಎಷ್ಟು ಚೆನ್ನಾಗಿದ್ದುವೆಂದರೆ ತೊಕುಗಾವ ಸರ್ಕಾರವೇ ಅವುಗಳಿಗೆ ತನ್ನ ಮುದ್ರೆಯನ್ನು ದಯಪಾಲಿಸಿತು. ವೀರಕಥೆಯಷ್ಟು ಸೊಗಸಿಲ್ಲದಿದ್ದರೂ ಇದೇ ಹೆಚ್ಚು ನಂಬತಕ್ಕ ಮಾತು. ಮೀನನ್ನು ಸೀಳುವ ‘ದೇಬ’ ಎಂಬ ದಪ್ಪ ಚಾಕುವಿನ ವಿಷಯದಲ್ಲಿಯೂ ಒಂದು ಐತಿಹ್ಯವುಂಟು: ಅದನ್ನು ಮೊದಲು ಮಾಡಿದ ಕಮ್ಮಾರನು ಉಬ್ಬುಹಲ್ಲಿನವನಾಗಿದ್ದನಂತೆ, ‘ದೇಬ’ ಎಂದರೆ ಉಬ್ಬುಹಲ್ಲು. ಪಾಪ, ಅವನ ಹೆಸರು ಉಳಿಯಲಿಲ್ಲ, ಹಲ್ಲು ಉಳಿಯಿತು!

ಕುಲುಮೆಯ ಮನೆಯಲ್ಲಿ ಬೆಳಕು ಮಂದವಾಗಿರುವುದು. ಅದು ಬಡತನದ ಗುರುತಲ್ಲ. ಕಾದ ಲೋಹದ ಬಣ್ಣದಿಂದಲೇ ಶಾಖವನ್ನು ಅಳೆಯುವವನಿಗೆ ಹೊರಗಿನ ಬಿಸಿಲು ವಿಘ್ನವಷ್ಟೆ. ಮೆದುವಾದ ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಬಿಳಿಗಾರವೂ ಕಬ್ಬಿಣದ ಪುಡಿಯೂ ಬೆರೆತ ಚೂರ್ಣವನ್ನು ಅದರ ಮೇಲುದುರಿಸಿ, ಉಕ್ಕಿನ ಸಣ್ಣ ತುಂಡೊಂದನ್ನಿಟ್ಟು, ಮತ್ತೆ ಕಾಯಿಸಿ ಬಡಿಯುವನು. ಎರಡೂ ಒಂದಾಗುವುವು. ನೂರಕ್ಕೆ ಸುಮಾರು 1 ಪಾಲು ಇಂಗಾಲವುಳ್ಳ ಆ ಉಕ್ಕು ತೀಕ್ಷ್ಣವಾದ ಅಂಚನ್ನು ಹಿಡಿಯುವುದು, ಆದರೆ ಪೆಡಸು. ಕಬ್ಬಿಣವು ತಾನು ಕೊಯ್ಯಲಾರದು, ಆದರೆ ಉಕ್ಕನ್ನು ಮುರಿಯದಂತೆ ಹೊತ್ತು, ಸಾಣೆಕಲ್ಲಿಗೆ ಸುಲಭವಾಗಿ ಸವೆಯುವುದು. ಶಾಖವು ಸಾಲದಿದ್ದರೆ ಬೆಸುಗೆ ಹಿಡಿಯದು. ಮೀರಿದರೆ ಉಕ್ಕಿನ ಸತ್ತ್ವವೇ ಕೆಡುವುದು. ಈಗ ಬಡಿತದ ಬಹುಭಾಗವನ್ನು ಯಂತ್ರದ ಸುತ್ತಿಗೆಯೇ ಮಾಡುವುದಾದರೂ, ಅದರ ಕೆಳಗೆ ಇಕ್ಕುಳವನ್ನು ತಿರುಗಿಸುವ ಕೈಗೆ ಬದಲಿಲ್ಲ. ಕಡೆಯಲ್ಲಿ ಅಲಗಿಗೆ ಮಣ್ಣನ್ನು ತೆಳುವಾಗಿ ಬಳಿದು ಒಣಗಿಸಿ, ಸುಮಾರು 800 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ನೀರಿನಲ್ಲಿ ಅದ್ದುವರು. ಮಣ್ಣಿನ ಲೇಪವಿಲ್ಲದಿದ್ದರೆ ಆವಿಯ ಗುಳ್ಳೆಗಳೆದ್ದು ಅಲಗು ಒಂದೇ ಸಮನಾಗಿ ಆರದು. ಹಲವು ದಿನಗಳ ಶ್ರಮವು ಬಿರುಕುಬಿಟ್ಟು ವ್ಯರ್ಥವಾಗಬಹುದಾದ ಕ್ಷಣವಿದು. ಕಬ್ಬಿಣದ ಬೆಂಬಲವಿಲ್ಲದೆ ಉಕ್ಕೊಂದರಿಂದಲೇ ಮಾಡುವ ‘ಹೊನ್‌ಯಾಕಿ’ ಎಂಬ ಜಾತಿಯಲ್ಲಿ ಈ ಭಯವು ಮತ್ತಷ್ಟು ಹೆಚ್ಚು. ಅದ್ದಿದ ಅಲಗನ್ನು ಪುನಃ ಹಿತವಾಗಿ ಕಾಯಿಸಿ ಅದರ ಪೆಡಸುತನವನ್ನು ತಗ್ಗಿಸುವರು.

ಇಷ್ಟಾದರೂ ಕಮ್ಮಾರನ ಕೈಯಿಂದ ಹೊರಡುವುದು ಕರ್ರಗಿನ ಒಂದು ಪಟ್ಟಿಯೇ. ಅದು ಒಂದು ಎಲೆಯನ್ನೂ ಕೊಯ್ಯಲಾರದು. ಸಾಕಾಯಿಯಲ್ಲಿ ಮಸೆಯುವವನು ಬೇರೆ, ಅವನ ಮನೆಯೂ ಬೇರೆ. ನೀರು ಸುರಿಯುವ ಚಕ್ರದ ಮುಂದೆ ಕುಳಿತು, ಸೊಟ್ಟಗಾದುದನ್ನು ಬಡಿದು ನೆಟ್ಟಗೆ ಮಾಡುತ್ತ, ಒಂದು ಮಗ್ಗುಲನ್ನು ಇಳಿಜಾರಾಗಿಯೂ ಮತ್ತೊಂದನ್ನು ನಡುವೆ ಸ್ವಲ್ಪ ತಗ್ಗಾಗಿಯೂ ಅವನು ತಿದ್ದುವನು. ಈ ರೂಪದ ಚಾಕು ಬಲಗೈಯವರದು; ಎಡಗೈಯವರಿಗೆ ಬೇರೆಯಾಗಿ ಮಾಡಬೇಕು, ಬೆಲೆಯೂ ಹೆಚ್ಚು. ಮೂರನೆಯವನು ಹಗುರವಾದ ಮರದ ಹಿಡಿಯನ್ನು, ಕೋಣದ ಕೊಂಬಿನ ಕಟ್ಟಿನೊಡನೆ, ಕೂಡಿಸುವನು. ಅನಂತರ ಅಲಗಿನ ಮೇಲೆ ಹೆಸರನ್ನು ಕೆತ್ತುವರು. ಯಾರ ಹೆಸರು? ಬಡಿದವನದಲ್ಲ, ಮಸೆದವನದಲ್ಲ, ರೂಢಿಯಾಗಿ ಬಂದುದು ಮಾರುವ ವರ್ತಕನ ಹೆಸರು. ಮೂವರ ಕೆಲಸವನ್ನು ಕೂಡಿಸಿ, ಒಳ್ಳೆಯದನ್ನೂ ಕೆಟ್ಟುದನ್ನೂ ತನ್ನ ತಲೆಗೆ ಕಟ್ಟಿಕೊಳ್ಳುವವನು ಅವನೆಂಬುದು ಇದಕ್ಕೆ ಸಮಾಧಾನ. ಸಮಾಧಾನವೇನೋ ಯುಕ್ತವೇ; ಆದರೂ ನ್ಯಾಯವು ಪೂರ್ತಿಯಾಗಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಪರದೇಶದ ಕೊಳ್ಳುಗರು ಬಡಿದವನಾರು, ಮಸೆದವನಾರು ಎಂದು ಕೇಳುತ್ತಿರುವರು. ಕೆಲವು ವರ್ತಕರು ಹೇಳತೊಡಗಿರುವರು. 1982ರಲ್ಲಿ ಜಪಾನಿನ ಸರ್ಕಾರವು ಈ ಕಸಬನ್ನು ಪಾರಂಪರಿಕ ಕಲೆಯೆಂದು ಮನ್ನಿಸಿತು. ಆದರೂ ಕುಲುಮೆಗೆ ಉತ್ತರಾಧಿಕಾರಿಗಳು ಸುಲಭವಾಗಿ ದೊರೆಯುತ್ತಿಲ್ಲ. ಹೆಸರು ಸಿಗದ ಕೆಲಸಕ್ಕೆ ಹುಡುಗರನ್ನು ಕರೆಯುವುದು ಕಷ್ಟವೇ ಸರಿ.

ನಾಲ್ಕನೆಯ ಕೈಯೊಂದು ಉಳಿಯಿತು, ಅದು ಬಾಣಸಿಗನದು. ‘ಉಸುಬ’ ಎಂಬ ತರಕಾರಿಯ ಚಾಕುವಿನಿಂದ ಬಲ್ಲವರು ಮೂಲಂಗಿಯನ್ನು ಕೈಯಲ್ಲಿ ತಿರುಗಿಸುತ್ತ, ಆಚೆಯದು ಕಾಣುವಷ್ಟು ತೆಳ್ಳನೆಯ ಒಂದೇ ಪಟ್ಟಿಯಾಗಿ ಬಿಡಿಸುವರು. ಇದು ನಿತ್ಯವೂ ಮಸೆಯುವವನಿಗೆ ಮಾತ್ರ ಸಾಧ್ಯ. ಒರಸದೆ ಬಿಟ್ಟರೆ ಈ ಉಕ್ಕಿಗೆ ತುಕ್ಕು ಬೇಗನೆ ಹತ್ತುವುದು. ಜಪಾನಿನ ಗೃಹಿಣಿಯರೇ ಬಹುಮಂದಿ ತುಕ್ಕು ಹಿಡಿಯದ, ಎರಡು ಮಗ್ಗುಲೂ ಸಮನಾದ ಚಾಕುಗಳಿಗೆ ತಿರುಗಿರುವುದರಲ್ಲಿ ಆಶ್ಚರ್ಯವಿಲ್ಲ. ದಿಂಗನ ಕತ್ತಿಯು ಸವೆಯಲಿಲ್ಲವೆಂಬುದು ಕಥೆ. ಸಾಕಾಯಿಯ ಚಾಕು ಮಾತ್ರ ಸವೆಯುವುದಕ್ಕಾಗಿಯೇ ಹುಟ್ಟಿದುದು. ಅನೇಕ ವರ್ಷ ಮಸೆದ ಅಲಗು ಹೊಸದರ ಅಗಲಕ್ಕಿಂತ ಎಷ್ಟೋ ಕಿರಿದಾಗಿರುತ್ತದೆ. ಕಮ್ಮಾರನಿಟ್ಟ ಉಕ್ಕಿನ ಬಹುಭಾಗವು ಸಾಣೆಕಲ್ಲಿನ ನೀರಿನಲ್ಲಿ ಹರಿದುಹೋಗಿರುತ್ತದೆ. ಹಿಡಿಯ ಬಳಿಯಲ್ಲಿ ವರ್ತಕನ ಹೆಸರಿನ ಅಕ್ಷರಗಳು ಇನ್ನೂ ಓದಬರುವಂತಿರುತ್ತವೆ.